ಬಾರ್ಡ್ ಆಡುವ ಖುಷಿ: ಮೊದಲ ಸಲ ಈ ಪಾತ್ರ ಹಿಡಿಯುವವರಿಗೆ

ಕೋಟೆ ಗೋಡೆಯ ಅರ್ಧದಲ್ಲಿ ನಮ್ಮ ಗುಂಪಿನ ಕಳ್ಳಿ ನೇತಾಡುತ್ತಿದ್ದಳು. ನಾವು ಆಡುತ್ತಿದ್ದದ್ದು ಡಂಜನ್ಸ್ ಆಂಡ್ ಡ್ರ್ಯಾಗನ್ಸ್. ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಉರುಳಿಸುತ್ತ ಕಥೆ ಕಟ್ಟುವ ಆಟ. ಕಳ್ಳಿಯ ಪಾತ್ರ ಆಡುತ್ತಿದ್ದ ಗೆಳತಿ ಇಪ್ಪತ್ತು ಮುಖದ ದಾಳ ಉರುಳಿಸಿದಳು. ಎಲ್ಲ ಕೂಡಿಸಿದರೂ 11. ಸಾಲದು ಅಂತ ಅವಳ ಮುಖವೇ ಹೇಳುತ್ತಿತ್ತು. ಆಗ ಅವಳಿಗೆ ಥಟ್ಟನೆ ನೆನಪಾಯಿತು. ಗೋಡೆ ಹತ್ತುವ ಮೊದಲು ನನ್ನ ಬಾರ್ಡ್ ಅವಳಿಗೊಂದು ಆರು ಮುಖದ ದಾಳ ಕೊಟ್ಟಿದ್ದ. ಅದನ್ನು ಉರುಳಿಸಿದಳು. 5 ಬಿತ್ತು. ಒಟ್ಟು 16. ಬೇಕಾಗಿದ್ದದ್ದು 15 ಅಂತ ಆಟ ನಡೆಸುತ್ತಿದ್ದವರು ಹೇಳಿದಾಗ ಮೇಜಿನ ಸುತ್ತ ಕೂತವರೆಲ್ಲ ಒಟ್ಟಿಗೆ ಕೂಗಿದರು.

ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಗೋಡೆ ಹತ್ತಿದವಳು ಅವಳೇ ತಾನೆ? ಆದರೆ ಆ ರಾತ್ರಿ ಮೇಜಿನಲ್ಲಿ ಎಲ್ಲರಿಗಿಂತ ಜಾಸ್ತಿ ಖುಷಿಯಾಗಿದ್ದವನು ನಾನು.

ಬಾರ್ಡ್ ಆಡುವ ಸುಖ ಇದೇ. ನಿಮ್ಮ ಅತ್ಯುತ್ತಮ ಗಳಿಗೆ ಬೇರೆಯವರ ಸರದಿಯಲ್ಲಿ ಬರುತ್ತದೆ. ಈ ಮಾತು ಹಿಡಿಸಿದರೆ ಮುಂದೆ ಓದಿ. ಹೊಡೆತದ ಲೆಕ್ಕದಲ್ಲಿ ಮೊದಲನೆಯವರಾಗಬೇಕು ಅಂತಿದ್ದರೆ ಫೈಟರ್, ಅಂದರೆ ಯೋಧನ ಪಾತ್ರ, ಆಡಿ. ಅದೂ ಚೆನ್ನಾಗಿರುತ್ತದೆ.

ಯಾರು ಈ ಬಾರ್ಡ್?

ಹಾಡು, ಮಾತು, ಕಥೆಗಳಿಂದ ಮಾಯೆ ಮಾಡುವ ಅಲೆಮಾರಿ. ಡಂಜನ್ಸ್ ಆಂಡ್ ಡ್ರ್ಯಾಗನ್ಸ್ 1974ರಲ್ಲಿ ಬಂದಾಗ ಅದರಲ್ಲಿ ಬಾರ್ಡ್ ಇರಲಿಲ್ಲ. ಎರಡು ವರ್ಷ ಬಿಟ್ಟು, 1976ರಲ್ಲಿ, ಡಗ್ ಶ್ವೆಗ್‌ಮನ್ ಎಂಬುವರು 'ದಿ ಸ್ಟ್ರಾಟಜಿಕ್ ರಿವ್ಯೂ' ಪತ್ರಿಕೆಯಲ್ಲಿ ಈ ಪಾತ್ರದ ನಿಯಮ ಬರೆದರು. 1978ರ ಆಟಗಾರರ ಪುಸ್ತಕದಲ್ಲಿ ಬಾರ್ಡ್ ಆಗುವುದು ದೊಡ್ಡ ತಪಸ್ಸೇ ಆಗಿತ್ತು. ಮೊದಲು ಫೈಟರ್ ಆಗಿ ಐದು ಲೆವೆಲ್ ದಾಟಬೇಕು. ಆಮೇಲೆ ಕಳ್ಳನಾಗಿ ಮತ್ತೆ ಐದು. ಅಷ್ಟಾದ ಮೇಲೆ ಡ್ರುಯಿಡ್‌ಗಳ (ಪ್ರಕೃತಿಯನ್ನು ಪೂಜಿಸುವ ಮಂತ್ರಗಾರರ) ಹತ್ತಿರ ಕಲಿಯಲು ಹೋಗಬೇಕು. ಅಲ್ಲಿಯವರೆಗೆ ಜೀವ ಉಳಿದರೆ ಬಾರ್ಡ್!

ಈಗ ಹಾಗಿಲ್ಲ. 2014ರ ಐದನೇ ಆವೃತ್ತಿಯಲ್ಲಿ ಬಾರ್ಡ್‌ಗೆ ಮಂತ್ರವಾದಿ ವಿಝರ್ಡ್‌ನಂತೆಯೇ ಒಂಬತ್ತನೇ ಹಂತದ ಮಂತ್ರಗಳವರೆಗೆ ದಾರಿ ಇದೆ. ಇನ್ನೂ ಹೊಸದು 2024ರ ನಿಯಮ. ಈ ಎರಡೂ ಇವತ್ತು ಜನ ಆಡುತ್ತಾರೆ. ನಾನು ಕೊಡುವ ಲೆಕ್ಕಗಳೆಲ್ಲ ಇವುಗಳದೇ. ನೀವು ಇದೇ ಥರದ ಇನ್ನೊಂದು ಆಟವಾದ ಪಾಥ್‌ಫೈಂಡರ್ ಆಡುವವರಾದರೆ ಅಂಕಿಗಳು ಬದಲಾಗುತ್ತವೆ. ಉಳಿದ ಮಾತು ಹಾಗೇ ನಡೆಯುತ್ತದೆ.

ಮೊದಲ ಹೆಜ್ಜೆ: ಹಾಡುವುದು ಯಾಕೆ ಅಂತ ಕೇಳಿಕೊಳ್ಳಿ

ಹೆಚ್ಚಿನವರು ವಾದ್ಯದಿಂದ ಶುರು ಮಾಡುತ್ತಾರೆ. ಲ್ಯೂಟ್ ಎಂಬ ತಂತಿವಾದ್ಯವೋ ಕೊಳಲೋ ಅಂತ ಒಂದು ಗಂಟೆ ಯೋಚಿಸುತ್ತಾರೆ. ನಾನು ಬೇರೆ ಎರಡು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಇವನು ಯಾರಿಗೋಸ್ಕರ ಹಾಡುತ್ತಾನೆ? ಒಂದೇ ಊರಲ್ಲಿ ಹಾಯಾಗಿ ಹಾಡಿಕೊಂಡಿರುವುದು ಬಿಟ್ಟು ಈ ಅಪಾಯದ ದಾರಿ ಹಿಡಿದದ್ದು ಯಾಕೆ?

ಮೇಲೆ ಹೇಳಿದ ನನ್ನ ಬಾರ್ಡ್ ಒಬ್ಬ ಮುದುಕ. ಯುದ್ಧದಲ್ಲಿ ನಗಾರಿ ಬಾರಿಸುತ್ತಿದ್ದವನು. ಒಂದು ದಿನ ಹಿಂದೆ ಸರಿಯಿರಿ ಅಂತ ಬಾರಿಸಬೇಕಾದ ಹೊತ್ತಲ್ಲಿ ಅವನ ಕೈ ಏಳಲಿಲ್ಲ. ಅವನ ದಳದವರು ವಾಪಸ್ ಬರಲಿಲ್ಲ. ಅಂದಿನಿಂದ ಅವನಿಗೆ ಒಂದೇ ಹಟ: ಜೊತೆಗೆ ಹೊರಟವರೆಲ್ಲ ಜೊತೆಗೇ ಮರಳಬೇಕು. ಇಷ್ಟು ಗೊತ್ತಾದ ಮೇಲೆ ಉಳಿದದ್ದೆಲ್ಲ ತಾನಾಗಿ ಬಂತು. ಗಾಯ ಮಾಗಿಸುವ ಮಂತ್ರ ಬೇಕೇ ಬೇಕು. ಮುಂದೆ ನುಗ್ಗುವ ಹುಡುಗ ಯೋಧನ ಮೇಲೆ ಅವನಿಗೆ ಸಿಟ್ಟೂ ಬರುತ್ತದೆ, ಕರುಳೂ ಚುರುಕ್ ಅನ್ನುತ್ತದೆ.

ಹಾಡಲೇಬೇಕು ಅಂತಲೂ ಇಲ್ಲ. ಹುರುಪು ತುಂಬಲು ಮಾತು ಅಥವಾ ಸಂಗೀತ ಅಂತ 2014ರ ನಿಯಮದಲ್ಲೇ ಇದೆ. 2024ರಲ್ಲಿ ನೃತ್ಯವೂ ಸೇರಿತು. ಕುಣಿಯುವ ಬಾರ್ಡ್‌ಗಳಿಗೆ ಒಂದು ಕಾಲೇಜೇ ಇದೆ (ಬಾರ್ಡ್‌ಗಳ ಒಳಪಂಗಡಕ್ಕೆ ಆಟದಲ್ಲಿ ಕಾಲೇಜು ಅನ್ನುತ್ತಾರೆ). ಕಥೆ ಹೇಳುವ ಅಜ್ಜಿ, ಭಾಷಣ ಮಾಡಿ ಸೆರೆಮನೆ ಕಂಡವನು, ಸತ್ತವರಿಗಾಗಿ ಶೋಕಗೀತೆ ಹಾಡುವ ಹೆಣ್ಣು, ಇವರೆಲ್ಲ ಬಾರ್ಡ್‌ಗಳೇ. ನಗಿಸುವ, ಚೆಲ್ಲಾಟವಾಡುವ ತರುಣ ಹಾಡುಗಾರ ಒಂದು ಮಾದರಿ ಅಷ್ಟೇ. ಅದನ್ನು ಎಲ್ಲರೂ ನೋಡಿದ್ದಾರೆ. ನಿಮ್ಮದು ಬೇರೆ ಇರಲಿ ಅನ್ನುವುದು ನನ್ನಾಸೆ.

ಎರಡನೇ ಹೆಜ್ಜೆ: ಅಂಕಿಗಳು

ಇದು ಬೇಗ ಮುಗಿಯುತ್ತದೆ. ನಿಮಗೆ 15, 14, 13, 12, 10, 8 ಅಂತ ಆರು ಅಂಕಿ ಸಿಕ್ಕಿದರೆ 15 ಕರಿಷ್ಮಾಗೆ (ವ್ಯಕ್ತಿತ್ವದ ಸೆಳೆತ), 14 ಡೆಕ್ಸ್ಟೆರಿಟಿಗೆ (ಚುರುಕು), 13 ಕಾನ್ಸ್ಟಿಟ್ಯೂಶನ್‌ಗೆ (ಮೈಯ ತಾಳಿಕೆ). ಉಳಿದದ್ದು ಪಾತ್ರಕ್ಕೆ ಹೊಂದುವಂತೆ ಹಾಕಿ. ಕರಿಷ್ಮಾ ಯಾಕೆ ಮೊದಲು ಅಂದರೆ, ಮಂತ್ರದ ಬಲ, ಮಾತಿನ ಬಲ, ಕಳ್ಳಿಗೆ ಕೊಟ್ಟಂಥ ಹುರುಪಿನ ದಾಳ ದಿನಕ್ಕೆ ಎಷ್ಟು ಕೊಡಬಹುದು ಅನ್ನುವುದು, ಎಲ್ಲಕ್ಕೂ ಅದೇ ಆಧಾರ. ಪಾತ್ರದ ಹಿನ್ನೆಲೆಯಿಂದಲೋ ಜನಾಂಗದಿಂದಲೋ (ಮನುಷ್ಯ, ಎಲ್ಫ್, ಡ್ವಾರ್ಫ್ ಹೀಗೆ) ಸಿಗುವ ಹೆಚ್ಚುವರಿ ಅಂಕವನ್ನೂ ಮೊದಲು ಅದಕ್ಕೇ ಸುರಿಯಿರಿ.

ಕೌಶಲಗಳಲ್ಲಿ ನಿಮ್ಮ ಗುಂಪಿನಲ್ಲಿ ಯಾರಿಗೂ ಬರದ್ದನ್ನು ಆರಿಸಿ. ಎರಡನೇ ಲೆವೆಲ್‌ನಲ್ಲಿ 'ಜಾಕ್ ಆಫ್ ಆಲ್ ಟ್ರೇಡ್ಸ್' ಬರುತ್ತದೆ. ಕಲಿಯದ ಕೌಶಲಕ್ಕೂ ಅರ್ಧ ಬೋನಸ್ ಸಿಗುತ್ತದೆ. ಶುರುವಿನಲ್ಲಿ ಅದು ಬರೀ 1. ಆದರೂ ಅದರಿಂದಲೇ ಗೆದ್ದ ಸಂದರ್ಭಗಳು ನನಗೆ ಬೇಕಾದಷ್ಟು ನೆನಪಿವೆ.

ಮೂರನೇ ಹೆಜ್ಜೆ: ಮಂತ್ರ ಆರಿಸುವುದು

ಮೊದಲ ಲೆವೆಲ್‌ನಲ್ಲಿ ಎರಡು ಕ್ಯಾಂಟ್ರಿಪ್ (ಎಷ್ಟು ಸಲ ಬೇಕಾದರೂ ಹಾಕಬಹುದಾದ ಪುಟ್ಟ ಮಂತ್ರ), ನಾಲ್ಕು ದೊಡ್ಡ ಮಂತ್ರ. ದೊಡ್ಡದನ್ನು ದಿನಕ್ಕೆ ಎರಡು ಸಲ ಮಾತ್ರ ಹಾಕಬಹುದು. ಪಟ್ಟಿ ನೋಡಿದರೆ ಎಲ್ಲವೂ ಬೇಕು ಅನ್ನಿಸುತ್ತದೆ. ನನ್ನ ಸಲಹೆ ಹೀಗೆ: ಒಂದು ಗಾಯಕ್ಕೆ, ಒಂದು ಜಗಳಕ್ಕೆ, ಒಂದು ಮೋಸಕ್ಕೆ, ಒಂದು ಸುಮ್ನೆ ಆಸೆಗೆ.

ಗಾಯಕ್ಕೆ ಹೀಲಿಂಗ್ ವರ್ಡ್. ಅರವತ್ತು ಅಡಿ ದೂರದಿಂದಲೇ ಬಿದ್ದವರನ್ನು ಎಬ್ಬಿಸಬಹುದು. ಅದು ಬೋನಸ್ ಆಕ್ಷನ್ (ಒಂದು ಸರದಿಯಲ್ಲಿ ಮುಖ್ಯ ಕೆಲಸದ ಜೊತೆಗೆ ಮಾಡಬಹುದಾದ ಒಂದು ಸಣ್ಣ ಕೆಲಸ) ಆದ್ದರಿಂದ ಅದೇ ಸರದಿಯಲ್ಲಿ ಕ್ಯಾಂಟ್ರಿಪ್ ಕೂಡ ಹಾಕಬಹುದು. ಗೆಳೆಯನಿಗೆ ಏಳು ಅಂತ ಒಂದು ಸಾಲು, ಶತ್ರುವಿಗೆ ಹೀಯಾಳಿಕೆಯ ಒಂದು ಸಾಲು. ಒಂದೇ ಉಸಿರಿನಲ್ಲಿ ಎರಡೂ ಆಗುತ್ತದೆ.

ಜಗಳಕ್ಕೆ ಫೇರಿ ಫೈರ್ ನನಗಿಷ್ಟ. ಅದು ಯಾರಿಗೂ ನೋವು ಮಾಡುವುದಿಲ್ಲ. ಇಪ್ಪತ್ತು ಅಡಿ ಜಾಗದಲ್ಲಿ ಸಿಕ್ಕಿಬಿದ್ದ ಶತ್ರುಗಳು ಮಿನುಗತೊಡಗುತ್ತಾರೆ. ಅವರ ಮೇಲೆ ಬೀಳುವ ಪ್ರತಿ ಏಟಿಗೂ ನಿಮ್ಮವರು ಎರಡು ದಾಳ ಉರುಳಿಸಿ ದೊಡ್ಡದನ್ನು ಇಟ್ಟುಕೊಳ್ಳಬಹುದು. ಮಾಯವಾದವರೂ ಕಾಣಿಸುತ್ತಾರೆ. ನೀವು ದೀಪ ಹಿಡಿದಿರಿ, ಹೊಡೆದವರು ಅವರು.

ಹೊಸಬರು ಎಡವುವ ಒಂದು ಜಾಗ ಹೇಳಿಬಿಡುತ್ತೇನೆ. ಫೇರಿ ಫೈರ್, ಧೈರ್ಯ ತುಂಬುವ ಹೀರೋಯಿಸಂ, ಹೊಟ್ಟೆ ಹುಣ್ಣಾಗುವಂತೆ ನಗಿಸುವ ಟಾಶಾಳ ಮಂತ್ರ, ಇವೆಲ್ಲ ಕಾನ್ಸಂಟ್ರೇಶನ್, ಅಂದರೆ ಬಿಡದ ಏಕಾಗ್ರತೆ, ಬೇಡುತ್ತವೆ. ಒಂದು ಹಾಕಿದರೆ ಇನ್ನೊಂದು ಆರಿಹೋಗುತ್ತದೆ. ನಾಲ್ಕರಲ್ಲಿ ಮೂರು ಇಂಥವೇ ಆದರೆ ಕೈ ಕಟ್ಟಿದಂತಾಗುತ್ತದೆ. ಎರಡು ಸಾಕು. ಇನ್ನೊಂದು ಮಾತು: ಹುರುಪಿನ ದಾಳ ಕೊಡುವುದೂ ಬೋನಸ್ ಆಕ್ಷನ್, ಹೀಲಿಂಗ್ ವರ್ಡ್ ಕೂಡ ಅದೇ. ಒಂದೇ ಸರದಿಯಲ್ಲಿ ಎರಡೂ ಆಗುವುದಿಲ್ಲ. ಹಾಗಾಗಿ ಯಾರಾದರೂ ಬೀಳುವ ಮೊದಲೇ, ಜಗಳದ ಮೊದಲ ಸುತ್ತಿನಲ್ಲೇ, ದಾಳ ಕೊಟ್ಟುಬಿಡಿ.

ನಾಲ್ಕನೇ ಹೆಜ್ಜೆ: ಹುರುಪಿನ ದಾಳ ಕೊಡುವುದನ್ನು ಕಲಿಯಿರಿ

ಬಾರ್ಡಿಕ್ ಇನ್‌ಸ್ಪಿರೇಶನ್ ಅಂತ ಇದರ ಹೆಸರು. ಇಡೀ ಪಾತ್ರದ ಜೀವ ಇಲ್ಲಿದೆ. ಅರವತ್ತು ಅಡಿಯೊಳಗಿನ ಒಬ್ಬ ಜೊತೆಗಾರರಿಗೆ ಆರು ಮುಖದ ಒಂದು ದಾಳ ಕೊಡುತ್ತೀರಿ. ಅವರು ಬೇಕಾದಾಗ ಅದನ್ನು ತಮ್ಮ ಇಪ್ಪತ್ತು ಮುಖದ ದಾಳಕ್ಕೆ ಸೇರಿಸಿಕೊಳ್ಳುತ್ತಾರೆ. 2014ರ ನಿಯಮದಲ್ಲಿ ಇದು ಹತ್ತು ನಿಮಿಷ ಇರುತ್ತದೆ. 2024ರಲ್ಲಿ ಒಂದು ಗಂಟೆ, ಅದೂ ಸೋತ ಮೇಲೆ ಮಾತ್ರ ಬಳಸಿದರಾಯಿತು. ನೀವು ಬೆಳೆದಂತೆ ಈ ದಾಳವೂ ಬೆಳೆಯುತ್ತದೆ. ಐದನೇ ಲೆವೆಲ್‌ಗೆ ಎಂಟು ಮುಖ, ಹತ್ತಕ್ಕೆ ಹತ್ತು, ಹದಿನೈದಕ್ಕೆ ಹನ್ನೆರಡು.

ಆರು ಮುಖದ ದಾಳದಲ್ಲಿ ಸರಾಸರಿ 3.5 ಬೀಳುತ್ತದೆ. ಇಪ್ಪತ್ತು ಮುಖದ ದಾಳದಲ್ಲಿ ಒಂದೊಂದು ಅಂಕಕ್ಕೂ ಶೇಕಡಾ 5ರಷ್ಟು ಬೆಲೆ. ಅಂದರೆ ನೀವು ಕೊಟ್ಟದ್ದು ಹೆಚ್ಚುಕಡಿಮೆ ಶೇಕಡಾ 17ರಷ್ಟು ಗೆಲುವಿನ ಅವಕಾಶ. ಕಡಿಮೆ ಏನಲ್ಲ.

ಆದರೆ ಕೊಡುವ ರೀತಿ ಈ ಲೆಕ್ಕಕ್ಕಿಂತ ದೊಡ್ಡದು. "ನಿನಗೊಂದು ದಾಳ" ಅಂತ ಹೇಳಿ ಮುಗಿಸಬಹುದು. ಕೆಲಸ ಆಗುತ್ತದೆ, ಆದರೆ ಯಾರಿಗೂ ನೆನಪಿರುವುದಿಲ್ಲ. ಅದರ ಬದಲು ಆ ಪಾತ್ರದ ಹಿಂದಿನ ಒಂದು ಸಂಗತಿ ನೆನಪಿಸಿ. "ಸೇತುವೆ ಮೇಲೆ ಮೂವರನ್ನು ಒಬ್ಬಳೇ ತಡೆದವಳು ನೀನು. ಇದು ಬರೀ ಗೋಡೆ ಕಣೇ." ಇಷ್ಟೇ ಸಾಕು. ಎರಡು ವಾಕ್ಯ. ಆಡುವವಳಿಗೆ ತನ್ನ ಪಾತ್ರವನ್ನು ಯಾರೋ ಗಮನಿಸುತ್ತಿದ್ದಾರೆ ಅಂತ ಗೊತ್ತಾಗುತ್ತದೆ. ಆ ಸಂತೋಷ ಅವಳ ಮುಖದಲ್ಲೇ ಕಾಣುತ್ತದೆ.

ಇದಕ್ಕೆ ಕಿವಿ ಬೇಕು. ನಾನು ಮೊದಲ ಸಲ ಬಾರ್ಡ್ ಆಡಿದಾಗ ನನ್ನ ಮುಂದಿನ ಸಾಲು ಏನಿರಬೇಕು ಅಂತ ಯೋಚಿಸುತ್ತಾ ಕೂರುತ್ತಿದ್ದೆ. ಉಳಿದವರು ಏನು ಮಾಡಿದರು ಅಂತ ಕೇಳಿಸಿಕೊಳ್ಳುತ್ತಲೇ ಇರಲಿಲ್ಲ. ಮೂರು ಸೆಶನ್ ಆದಮೇಲೂ ನಮ್ಮ ಗುಂಪಿನ ಪೂಜಾರಿ, ಅಂದರೆ ಕ್ಲೆರಿಕ್, ಯಾವ ದೇವರ ಭಕ್ತ ಅಂತ ನನಗೆ ಗೊತ್ತಿರಲಿಲ್ಲ. ಅವನನ್ನು ಹುರಿದುಂಬಿಸಲು ಹೊರಟಾಗ ಬಾಯಿಗೆ ಒಂದು ಮಾತೂ ಬರಲಿಲ್ಲ. ಅವತ್ತಿನಿಂದ ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಂಡೆ. ಒಂದೊಂದು ಪಾತ್ರಕ್ಕೂ ಒಂದು ಪುಟ. ಅವರು ಯಾವುದಕ್ಕೆ ಹೆದರಿದರು, ಯಾರಿಗೆ ಮಾತು ಕೊಟ್ಟರು, ಯಾವಾಗ ನಕ್ಕರು. ಮಂತ್ರದ ಪಟ್ಟಿಗಿಂತ ಜಾಸ್ತಿ ಸಲ ನಾನು ತೆರೆದದ್ದು ಆ ನೋಟ್‌ಬುಕ್ಕನ್ನೇ.

ಒಂದು ಗುರುತೂ ಇಟ್ಟುಕೊಳ್ಳಿ. ನನ್ನ ನಗಾರಿ ಮುದುಕ ದಾಳ ಕೊಡುವಾಗೆಲ್ಲ ನಾನು ಬೆರಳಿನಿಂದ ಮೇಜನ್ನು ಮೂರು ಸಲ ತಟ್ಟುತ್ತಿದ್ದೆ. ಏನೂ ಹೇಳುತ್ತಿರಲಿಲ್ಲ. ಐದಾರು ಸೆಶನ್ ಕಳೆಯುವಷ್ಟರಲ್ಲಿ ಆ ಸದ್ದಿಗೆ ಎಲ್ಲರೂ ನೆಟ್ಟಗೆ ಕೂರುತ್ತಿದ್ದರು. ಒಮ್ಮೆ ಮುದುಕನೇ ಪ್ರಜ್ಞೆ ತಪ್ಪಿ ಬಿದ್ದ. ಬದುಕುತ್ತಾನೋ ಇಲ್ಲವೋ ಅಂತ ನಾನು ದಾಳ ಕೈಗೆತ್ತಿಕೊಂಡೆ. ಎದುರಿಗಿದ್ದ ಗೆಳತಿ ಮೇಜು ತಟ್ಟಿದಳು. ಮೂರು ಸಲ. ಆಮೇಲೆ ಎಲ್ಲರೂ ತಟ್ಟಿದರು. ಆ ಏಟಿಗೆ ನಿಯಮದಲ್ಲಿ ಯಾವ ಬೋನಸ್ಸೂ ಇಲ್ಲ. ನನ್ನ ಕೈ ಮಾತ್ರ ನಡುಗುತ್ತಿತ್ತು.

ಐದನೇ ಹೆಜ್ಜೆ: ಬೈಗುಳವನ್ನು ಆಯುಧ ಮಾಡಿಕೊಳ್ಳಿ

ಹಳೆಯ ಐರ್ಲೆಂಡ್‌ನಲ್ಲಿ 'ಫಿಲಿ' ಅಂತ ಕರೆಸಿಕೊಳ್ಳುತ್ತಿದ್ದ ಕವಿಗಳಿದ್ದರು. ರಾಜರು ಅವರಿಗೆ ಹೆದರುತ್ತಿದ್ದರು. ಜಿಪುಣ ರಾಜನ ಮೇಲೆ ಕವಿ ನಿಂದೆಯ ಪದ್ಯ ಕಟ್ಟಿದರೆ ಆ ರಾಜನ ಮುಖದಲ್ಲಿ ಬೊಕ್ಕೆ ಏಳುತ್ತದೆ ಅಂತ ಅಲ್ಲಿನ ಕಥೆಗಳು ಹೇಳುತ್ತವೆ. ಆಟದಲ್ಲಿ ಬೈದೇ ಪೆಟ್ಟು ಕೊಡುವ ಕ್ಯಾಂಟ್ರಿಪ್ ವಿಷಸ್ ಮಾಕರಿ ನೋಡಿದಾಗೆಲ್ಲ ನನಗೆ ಆ ಬೊಕ್ಕೆಗಳು ನೆನಪಾಗುತ್ತವೆ.

ಈ ಮಂತ್ರದ ಪೆಟ್ಟು ಸಣ್ಣದು. 2014ರಲ್ಲಿ ನಾಲ್ಕು ಮುಖದ ದಾಳ, 2024ರಲ್ಲಿ ಆರು ಮುಖದ್ದು. ಅದರ ನಿಜವಾದ ಬಲ ಬೇರೆ. ಬೈಸಿಕೊಂಡವನು ತನ್ನ ಮುಂದಿನ ಏಟಿಗೆ ಎರಡು ದಾಳ ಉರುಳಿಸಿ ಚಿಕ್ಕದನ್ನು ಇಟ್ಟುಕೊಳ್ಳಬೇಕು. ಅರ್ಧಕ್ಕರ್ಧ ತಾಗುವ ಏಟು ಇದ್ದರೆ ಅದು ಕಾಲು ಭಾಗಕ್ಕೆ ಇಳಿಯುತ್ತದೆ. ಹಾಗಾಗಿ ಸಾಯಲಿರುವ ಪುಡಿ ಶತ್ರುವಿನ ಮೇಲೆ ಇದನ್ನು ಹಾಳು ಮಾಡಬೇಡಿ. ನಿಮ್ಮವರಲ್ಲಿ ಸೋತು ಸುಣ್ಣವಾದವರನ್ನು ಹೊಡೆಯಲು ಹೊರಟಿರುವ ದೈತ್ಯನ ಮೇಲೆ ಹಾಕಿ.

ಬೈಗುಳ ಎಲ್ಲಿಂದ ತರುವುದು? ಮನೆಯಲ್ಲೇ ಹತ್ತು ಬರೆದುಕೊಂಡು ಬನ್ನಿ. ಚಿಕ್ಕದಿರಲಿ. ಗದೆ ಹಿಡಿದ ದಡ್ಡ ದೈತ್ಯ ಓಗರ್‌ಗೆ: "ಗದೆ ನಿನ್ನನ್ನು ಹೊತ್ತುಕೊಂಡು ಬಂತೋ, ನೀನು ಗದೆಯನ್ನೋ?" ಬೀಗುವ ಮಂತ್ರವಾದಿಗೆ: "ಗಡ್ಡ ಬೆಳೆಸಿದ್ದೀಯ, ವಿದ್ಯೆ ಯಾವಾಗ ಬೆಳೆಸ್ತೀಯ?" ಡ್ರ್ಯಾಗನ್‌ಗೆ: "ಇಷ್ಟು ಚಿನ್ನದ ಮೇಲೆ ಮಲಗಿಯೂ ನಿನಗೆ ನಿದ್ದೆ ಬರಲ್ಲ, ಅಲ್ವಾ?" ಕೊನೆಯದು ನನಗೆ ತುಂಬ ಇಷ್ಟ. ಅದರಲ್ಲಿ ಬೈಗುಳಕ್ಕಿಂತ ನಿಜ ಜಾಸ್ತಿ ಇದೆ. ಎದುರಿನವನ ಹೆಮ್ಮೆ ಎಲ್ಲಿದೆ ಅಂತ ನೋಡಿ ಅಲ್ಲೇ ಚುಚ್ಚಬೇಕು. ಒಂದೇ ಒಂದು ನಿಯಮ: ಬೈಗುಳ ರಾಕ್ಷಸನಿಗಿರಲಿ, ಮೇಜಿನಲ್ಲಿ ಕೂತ ಯಾರ ಮೈಬಣ್ಣ, ದೇಹ, ಬದುಕಿಗೂ ತಾಗದಿರಲಿ.

ಆರನೇ ಹೆಜ್ಜೆ: ಮಾತಿನ ದೃಶ್ಯವನ್ನು ಹಂಚಿಕೊಳ್ಳಿ

ಬಾರ್ಡ್ ಆಡುವವರ ಮೇಲಿನ ದೊಡ್ಡ ದೂರು ಇದೇ: ಇವರು ಇದ್ದರೆ ಬೇರೆ ಯಾರಿಗೂ ಮಾತಾಡಲು ಬಿಡುವುದಿಲ್ಲ. ದೂರಿನಲ್ಲಿ ಹುರುಳಿದೆ. ಮಾತಿನ ಅಂಕಿಗಳೆಲ್ಲ ನಿಮ್ಮ ಪಾತ್ರದ ಹಾಳೆಯಲ್ಲೇ ಇರುತ್ತವೆ. ರಾಜನ ಮುಂದೆ, ಕಾವಲುಗಾರನ ಮುಂದೆ, ವ್ಯಾಪಾರಿಯ ಮುಂದೆ ಎಲ್ಲರೂ ನಿಮ್ಮ ಕಡೆ ತಿರುಗುತ್ತಾರೆ. ಒಂದು ಗಂಟೆ ಕಳೆದರೆ ನಾಲ್ಕು ಜನ ಪ್ರೇಕ್ಷಕರಾಗಿರುತ್ತಾರೆ.

ನಾನು ಹೀಗೆ ಮಾಡುತ್ತೇನೆ. ಮಾತು ಶುರು ಮಾಡುವುದು ನಾನು, ಮುಗಿಸುವುದು ಇನ್ನೊಬ್ಬರು. "ಮಹಾರಾಜ, ಆ ಕಣಿವೆಯಲ್ಲಿ ಏನಾಯಿತು ಅಂತ ನಾನು ಹೇಳುವುದಕ್ಕಿಂತ ಅಲ್ಲಿ ಹುಟ್ಟಿದವಳೇ ಹೇಳಲಿ" ಅಂತ ಪಕ್ಕಕ್ಕೆ ಸರಿಯುತ್ತೇನೆ. ನಾಚಿಕೆಯಿಂದ ಸುಮ್ಮನಿರುವ ಆಟಗಾರರಿಗೆ ಇದು ಬಾಗಿಲು ತೆರೆದ ಹಾಗೆ. ಆಮೇಲೆ ಅವರಿಗೇ ಹುರುಪಿನ ದಾಳವೂ ಕೊಡಿ. ಅವರ ಅಂಕಿ ಕಡಿಮೆ ಇದ್ದರೂ ನಿಮ್ಮ ದಾಳ ಅದನ್ನು ತುಂಬುತ್ತದೆ.

ಮನವೊಲಿಸುವುದಕ್ಕೂ ವಶ ಮಾಡುವುದಕ್ಕೂ ವ್ಯತ್ಯಾಸ ಇದೆ. ದಾಳದಲ್ಲಿ 20 ಬಿದ್ದರೂ ರಾಜ ತನ್ನ ಕಿರೀಟ ಬಿಚ್ಚಿ ಕೊಡುವುದಿಲ್ಲ. ಚಾರ್ಮ್ ಪರ್ಸನ್ ಮಂತ್ರ ಹಾಕಿದರೆ ಅದು ಇಳಿದ ಮೇಲೆ ಆ ವ್ಯಕ್ತಿಗೆ ತನ್ನ ಮೇಲೆ ಮಂತ್ರ ನಡೆದದ್ದು ಗೊತ್ತಾಗುತ್ತದೆ. ಆ ಸಿಟ್ಟು ಕಥೆಯಲ್ಲಿ ತಿರುಗಿ ಬರುತ್ತದೆ, ಬರಬೇಕು ಕೂಡ. ಇನ್ನು ಪ್ರಣಯದ ಚೆಲ್ಲಾಟ. ಬಾರ್ಡ್ ಅಂದರೆ ಕಂಡಕಂಡವರನ್ನು ಮೋಹಿಸುವವನು ಅನ್ನುವ ಚಿತ್ರ ಎಷ್ಟು ಹಬ್ಬಿದೆ ಅಂದರೆ, ಹೊಸಬರು ಅದು ನಿಯಮ ಅಂದುಕೊಳ್ಳುತ್ತಾರೆ. ಅಲ್ಲ. ಆಟ ಶುರುವಾಗುವ ಮೊದಲೇ ಎಲ್ಲರೂ ಕೂತು ಇಂಥದ್ದು ಎಷ್ಟು ಬೇಕು, ಬೇಡವೇ ಬೇಡವೇ ಅಂತ ಮಾತಾಡಿಕೊಳ್ಳಿ. ಒಬ್ಬರಿಗೆ ಕಸಿವಿಸಿ ಅಂದರೂ ಬಿಟ್ಟುಬಿಡಿ. ಬಾರ್ಡ್‌ಗೆ ಮಾಡಲು ಬೇರೆ ನೂರು ಕೆಲಸ ಇದೆ.

ಹಾಡು ಬರದಿದ್ದರೆ?

ತುಂಬ ಜನ ಇಲ್ಲೇ ಹಿಂದೆ ಸರಿಯುತ್ತಾರೆ. "ನನಗೆ ಶ್ರುತಿ ಗೊತ್ತಿಲ್ಲ, ಬಾರ್ಡ್ ಹೇಗೆ ಆಡಲಿ?" ಕತ್ತಿ ಹಿಡಿಯಲು ಬರದವರು ಫೈಟರ್ ಆಡುತ್ತಾರೆ. ನೀವೂ ಆಡಬಹುದು. "ನಿಧಾನವಾಗಿ ಶುರು ಮಾಡುತ್ತಾನೆ, ಹಿಂದಿನ ಬೆಂಚಿನವರು ಮಾತು ನಿಲ್ಲಿಸುತ್ತಾರೆ" ಅಂತ ವರ್ಣಿಸಿದರೆ ಸಾಕು. ಕೇಳುವವರ ಮುಖ ವರ್ಣಿಸಿ, ಹಾಡು ತಾನಾಗಿ ಕೇಳಿಸುತ್ತದೆ.

ಪದ ಕಟ್ಟುವ ಆಸೆ ಇದ್ದರೆ ಎರಡೇ ಸಾಲು ಕಟ್ಟಿ. ಪ್ರಾಸ ಕೊನೆಯಲ್ಲಿ ಸಿಕ್ಕರೆ ಒಳ್ಳೆಯದು, ಸಿಗದಿದ್ದರೂ ಪರವಾಗಿಲ್ಲ. ನಾನು ಪ್ರತಿ ಸೆಶನ್ ಶುರುವಿನಲ್ಲಿ ಹಿಂದಿನ ವಾರದ ಕಥೆಯನ್ನು ಎರಡು ಸಾಲಿನಲ್ಲಿ ಹೇಳುತ್ತಿದ್ದೆ. ಆಟ ನಡೆಸುವವರಿಗೆ ಇದರಿಂದ ತುಂಬ ಸಹಾಯವಾಯಿತು. ಎಲ್ಲರಿಗೂ ಕಥೆ ನೆನಪಾಗುತ್ತಿತ್ತು. ಯಾರ ಹೆಸರು ಇವತ್ತು ಹಾಡಿನಲ್ಲಿ ಬರುತ್ತದೆ ಅಂತ ಕಾಯುವುದೂ ಶುರುವಾಯಿತು. ಹಾಗಾಗಿ ಸರದಿಯ ಮೇಲೆ ಎಲ್ಲರ ಹೆಸರೂ ಬರುವಂತೆ ನೋಡಿಕೊಂಡೆ.

ಕೋಟೆಯ ಗೋಡೆ ಹತ್ತಿದ ಮರುವಾರದ ಸಾಲು ಈಗಲೂ ನೋಟ್‌ಬುಕ್ಕಿನಲ್ಲಿದೆ:

ಗೋಡೆ ಎತ್ತರ ಕೇಳಿತು, "ಯಾರೇ ಹುಡುಗಿ ನೀನು?"
ಕೈ ಜಾರಿದರೂ ಅಂದಳು, "ಮೇಲೆ ಬರುವವಳು ನಾನು."

ಓದಿ ಮುಗಿಸಿದಾಗ ಗೆಳತಿ ಆ ಪುಟದ ಫೋಟೋ ತೆಗೆದುಕೊಂಡಳು. ಆಮೇಲೆ ಆಟ ಶುರುವಾಯಿತು.